ಗಾಳಿ ತಡೆದಷ್ಟೂ ಓಟ ಜೋರು: 400 ಕಿ.ಮೀ. ಕಕ್ಷೆಯ ಉಪಗ್ರಹವೊಂದರ ಬಲ, ಕೆಲಸ, ಶಕ್ತಿಯ ಲೆಕ್ಕ

ಪ್ರಕರಣ

500 ಕಿ.ಗ್ರಾಂ. ದ್ರವ್ಯರಾಶಿಯ ಉಪಗ್ರಹವೊಂದು ಭೂಮಿಯನ್ನು 400 ಕಿ.ಮೀ. ಎತ್ತರದಲ್ಲಿ ವೃತ್ತಾಕಾರವಾಗಿ ಸುತ್ತುತ್ತಿದೆ. ಎಂಜಿನ್ ಆರಿದೆ. ಈಗಿನ ಸ್ಥಾನ, ವೇಗಗಳನ್ನು ಹಿಡಿದು, ಗುರುತ್ವವೊಂದನ್ನೇ ಲೆಕ್ಕಕ್ಕೆ ಸೇರಿಸಿ, ಮುಂದಿನ ಏಳು ದಿನ ಅದು ಯಾವ ಕ್ಷಣಕ್ಕೆ ಎಲ್ಲಿರುತ್ತದೆ ಎಂಬ ಪಟ್ಟಿ ತಯಾರಾಗಿದೆ. ಗಾಳಿಯನ್ನು ಮಾತ್ರ ಬಿಟ್ಟಿದ್ದಾರೆ. ಆ ಎತ್ತರದಲ್ಲಿ ಗಾಳಿ ಇದ್ದೂ ಇಲ್ಲದಂತೆ. ಆದರೂ ಇದೆ, ಎದುರಿನಿಂದ ಬಡಿಯುತ್ತಲೇ ಇರುತ್ತದೆ. ಹಾಗಿದ್ದ ಮೇಲೆ ಏಳನೆಯ ದಿನ ಉಪಗ್ರಹ ಪಟ್ಟಿಯ ಸಮಯಕ್ಕಿಂತ ತಡವಾಗಿ ಬರಬೇಕು ಎಂದೇ ಯಾರಿಗಾದರೂ ತೋರುತ್ತದೆ.

ಅದು 111 ಸೆಕೆಂಡು ಮುಂಚೆ ಬರುತ್ತದೆ. ಪಟ್ಟಿ ಹೇಳಿದ ಜಾಗಕ್ಕಿಂತ ಸುಮಾರು 850 ಕಿ.ಮೀ. ಮುಂದಿರುತ್ತದೆ. ಅಷ್ಟೇ ಅಲ್ಲ, ಎದುರುಗಾಳಿ ತಿಂದ ಮೇಲೂ ಅದರ ವೇಗ ಮೊದಲಿಗಿಂತ ಸೆಕೆಂಡಿಗೆ 0.94 ಮೀಟರ್ ಹೆಚ್ಚಾಗಿರುತ್ತದೆ. ಇದನ್ನು ಕೇವಲ ನ್ಯೂಟನ್ನನ ನಿಯಮ ಮತ್ತು ಕೆಲಸ–ಶಕ್ತಿ ಪ್ರಮೇಯದಿಂದ (ಬಲಗಳು ಮಾಡಿದ ನಿವ್ವಳ ಕೆಲಸ ಚಲನಶಕ್ತಿಯ ಬದಲಾವಣೆಗೆ ಸಮ) ಪೂರ್ತಿ ಬಿಡಿಸಬಹುದು. ಬಿಡಿಸುತ್ತಾ ಹೋದರೆ, ಇಡೀ ಆಟ ಬಲದ ಪ್ರಮಾಣದಲ್ಲಿಲ್ಲ, ಬಲಕ್ಕೂ ಚಲನೆಗೂ ನಡುವಿನ ಕೋನದಲ್ಲಿದೆ ಎಂಬುದು ಕಾಣುತ್ತದೆ. ಆ ಕೋನ ಲಂಬಕೋನದಿಂದ ಸರಿಯುವುದು ಒಂದು ಆರ್ಕ್‌ಸೆಕೆಂಡಿನ (ಡಿಗ್ರಿಯ 3600ನೇ ಒಂದು ಭಾಗ) ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ಮೊದಲು ಗಾಳಿಯಿಲ್ಲದ ಲೆಕ್ಕ

ಭೂಮಿಯ ಸಮಭಾಜಕ ತ್ರಿಜ್ಯ 6378 ಕಿ.ಮೀ. ಕಕ್ಷೆಯ ತ್ರಿಜ್ಯವನ್ನು ಕೇಂದ್ರದಿಂದ ಅಳೆಯಬೇಕು, ಆದ್ದರಿಂದ 6778 ಕಿ.ಮೀ. ಗುರುತ್ವ ಸ್ಥಿರಾಂಕವನ್ನು ಭೂಮಿಯ ದ್ರವ್ಯರಾಶಿಯಿಂದ ಗುಣಿಸಿದರೆ ಬರುವ ಬೆಲೆ 3.986 × 10¹⁴ (ಮೀಟರ್, ಸೆಕೆಂಡ್ ಮಾನಗಳಲ್ಲಿ). ಎರಡನ್ನೂ ಬೇರೆ ಬೇರೆ ಹಾಕಿ ಗುಣಿಸುವುದಕ್ಕಿಂತ ಈ ಗುಣಲಬ್ಧವನ್ನೇ ನೇರವಾಗಿ ಬಳಸುವುದು ಮೇಲು. ಉಪಗ್ರಹಗಳ ಚಲನೆಯಿಂದ ಇದು ಬಿಡಿ ಬೆಲೆಗಳಿಗಿಂತ ಎಷ್ಟೋ ಪಟ್ಟು ನಿಖರವಾಗಿ ತಿಳಿದಿದೆ.

ವೃತ್ತದಲ್ಲಿ ಸುತ್ತಲು ಬೇಕಾದ ಕೇಂದ್ರಾಭಿಮುಖ ಬಲವನ್ನು ಗುರುತ್ವವೇ ಒದಗಿಸುತ್ತದೆ. ಎರಡನ್ನೂ ಸಮೀಕರಿಸಿದಾಗ:

ವೇಗದ ವರ್ಗ = 3.986 × 10¹⁴ ÷ ತ್ರಿಜ್ಯ

ಇದರಿಂದ ವೇಗ ಸೆಕೆಂಡಿಗೆ 7668.6 ಮೀಟರ್. ಒಂದು ಸುತ್ತಿನ ದೂರ 42,587 ಕಿ.ಮೀ., ಅವಧಿ 5553.5 ಸೆಕೆಂಡು, ಅಂದರೆ 92 ನಿಮಿಷ 33 ಸೆಕೆಂಡು. ಅಲ್ಲಿ ಗುರುತ್ವ ವೇಗೋತ್ಕರ್ಷ 8.68 ಮೀ./ಸೆ.², ನೆಲದ ಮೇಲಿನದರ ಶೇ. 88ಕ್ಕಿಂತ ಹೆಚ್ಚು. ‘ಮೇಲೆ ಗುರುತ್ವ ಇಲ್ಲ’ ಎಂಬ ಮಾತಿಗೆ ಇದೇ ಉತ್ತರ. ಉಪಗ್ರಹದ ಮೇಲಿನ ಬಲ 4338 ನ್ಯೂಟನ್.

ಈ 4338 ನ್ಯೂಟನ್ ಬಲ ಒಂದು ಸುತ್ತಿನಲ್ಲಿ ಎಷ್ಟು ಕೆಲಸ ಮಾಡಿತು? ಕೆಲಸ ಎಂದರೆ ಬಲ ಗುಣಿಸು ದೂರ ಎಂದಷ್ಟೇ ನೆನಪಿಟ್ಟುಕೊಂಡವರು ಎರಡು ಸಂಖ್ಯೆಗಳನ್ನು ಗುಣಿಸಿ 185 ಗಿಗಾಜೂಲ್ ಎನ್ನುತ್ತಾರೆ. ಅದು ಉಪಗ್ರಹದ ಇಡೀ ಚಲನಶಕ್ತಿಯ ಹನ್ನೆರಡೂವರೆ ಪಟ್ಟು. ಪ್ರತಿ ತೊಂಬತ್ತೆರಡು ನಿಮಿಷಕ್ಕೊಮ್ಮೆ ಅಷ್ಟು ಶಕ್ತಿ ಸೇರುತ್ತಿದ್ದರೆ ಉಪಗ್ರಹ ಭೂಮಿಯ ಬಳಿ ಉಳಿಯುತ್ತಲೇ ಇರಲಿಲ್ಲ. ಸರಿಯುತ್ತರ ಸೊನ್ನೆ. ಪ್ರತಿ ಕ್ಷಣವೂ ಬಲ ಕೇಂದ್ರದತ್ತ, ಚಲನೆ ಸ್ಪರ್ಶರೇಖೆಯುದ್ದಕ್ಕೆ. ಎರಡರ ನಡುವೆ 90 ಡಿಗ್ರಿ. ಕೆಲಸ ಎಂದರೆ ಬಲ × ದೂರ × ಅವುಗಳ ನಡುವಿನ ಕೋನದ ಕೊಸೈನ್, 90 ಡಿಗ್ರಿಯ ಕೊಸೈನ್ ಸೊನ್ನೆ. ಇಲ್ಲಿ ಒಂದು ಎಚ್ಚರಿಕೆ: ‘ಸುತ್ತು ಮುಗಿಸಿ ಹೊರಟಲ್ಲಿಗೇ ಬಂದದ್ದರಿಂದ ಸ್ಥಾನಾಂತರ ಸೊನ್ನೆ, ಆದ್ದರಿಂದ ಕೆಲಸ ಸೊನ್ನೆ’ ಎಂಬ ಕಾರಣ ತಪ್ಪು. ಅರ್ಧ ಸುತ್ತಿನಲ್ಲೂ, ಒಂದು ಡಿಗ್ರಿಯಷ್ಟು ಕಂಸದಲ್ಲೂ ಕೆಲಸ ಸೊನ್ನೆಯೇ.

ಕೆಲಸ ಮಾಡಲಿಲ್ಲ ಎಂದಮಾತ್ರಕ್ಕೆ ಬಲ ಸುಮ್ಮನಿದೆ ಎಂದಲ್ಲ. ಅರ್ಧ ಸುತ್ತಿನಲ್ಲಿ ವೇಗದ ದಿಕ್ಕು ಪೂರ್ತಿ ತಿರುವುಮುರುವಾಗುತ್ತದೆ. ಸಂವೇಗದಲ್ಲಿ ಆದ ಬದಲಾವಣೆ 76.7 ಲಕ್ಷ ಕಿ.ಗ್ರಾಂ.ಮೀ./ಸೆ. ಸಂವೇಗ ಇಷ್ಟು ಬದಲಾಗಿಯೂ ಶಕ್ತಿ ಒಂದು ಜೂಲ್ ಕೂಡ ಬದಲಾಗದಿರುವುದು ದಿಕ್ಕುಳ್ಳ ರಾಶಿಗೂ ದಿಕ್ಕಿಲ್ಲದ ರಾಶಿಗೂ ಇರುವ ವ್ಯತ್ಯಾಸ.

ಶಕ್ತಿಯ ಖಾತೆ

ಚಲನಶಕ್ತಿ 14.70 ಗಿಗಾಜೂಲ್. ಪ್ರಚ್ಛನ್ನಶಕ್ತಿಯನ್ನು ಅನಂತ ದೂರದಲ್ಲಿ ಸೊನ್ನೆ ಎಂದು ಹಿಡಿದರೆ ಇಲ್ಲಿ ಅದು −29.40 ಗಿಗಾಜೂಲ್. ಒಟ್ಟು −14.70. ಒಟ್ಟು ಶಕ್ತಿ ಚಲನಶಕ್ತಿಯ ಋಣರೂಪವಾಗಿರುವುದು ಕಾಕತಾಳೀಯವಲ್ಲ. ಬಲ ದೂರದ ವರ್ಗಕ್ಕೆ ವಿಲೋಮವಾಗಿರುವ ಯಾವ ವೃತ್ತಕಕ್ಷೆಗೂ ಇದು ಹೀಗೆಯೇ. ಮುಂದಿನ ಎಲ್ಲ ವಿಚಿತ್ರಗಳೂ ಈ ಒಂದು ಸಾಲಿನಿಂದಲೇ ಹುಟ್ಟುತ್ತವೆ: ಒಟ್ಟು ಶಕ್ತಿಯಿಂದ ಒಂದು ಪಾಲು ಕಳೆದರೆ ಪ್ರಚ್ಛನ್ನಶಕ್ತಿ ಎರಡು ಪಾಲು ಇಳಿಯುತ್ತದೆ, ಚಲನಶಕ್ತಿ ಒಂದು ಪಾಲು ಏರುತ್ತದೆ.

ನೆಲದ ಮೇಲೆ ಇದೇ ಉಪಗ್ರಹದ ಪ್ರಚ್ಛನ್ನಶಕ್ತಿ −31.25 ಗಿಗಾಜೂಲ್. ಅಂದರೆ 400 ಕಿ.ಮೀ. ಎತ್ತಲು ಬೇಕಾದದ್ದು 1.84 ಗಿಗಾಜೂಲ್ ಮಾತ್ರ. ಅಲ್ಲಿ ನಿಲ್ಲಿಸುವ ಓಟ ಕೊಡಲು ಅದರ ಎಂಟು ಪಟ್ಟು. ರಾಕೆಟ್ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಅಡ್ಡಕ್ಕೆ ವಾಲಿ ಓಡುವುದು ಇದಕ್ಕೇ.

ಗಾಳಿ ಬಂತು

ತಡೆಯ ಬಲಕ್ಕೆ ಸೂತ್ರ: ಅರ್ಧ × ಗಾಳಿಯ ಸಾಂದ್ರತೆ × ವೇಗದ ವರ್ಗ × ತಡೆಯ ಗುಣಾಂಕ × ಎದುರುಮುಖದ ವಿಸ್ತೀರ್ಣ. ನಮ್ಮ ಉಪಗ್ರಹಕ್ಕೆ ವಿಸ್ತೀರ್ಣ 4 ಚದರ ಮೀಟರ್, ಗುಣಾಂಕ 2.2 ಎಂದಿಟ್ಟುಕೊಳ್ಳೋಣ. ವಿಮಾನ, ಕಾರುಗಳಿಗೆ ಬಳಸುವ ಗುಣಾಂಕಗಳು ಇಲ್ಲಿ ನಡೆಯುವುದಿಲ್ಲ. ಈ ಎತ್ತರದಲ್ಲಿ ಒಂದು ಕಣ ಇನ್ನೊಂದನ್ನು ತಾಗಲು ಹಲವು ಕಿಲೋಮೀಟರ್ ಹೋಗಬೇಕು. ಗಾಳಿ ಉಪಗ್ರಹದ ಸುತ್ತ ಹರಿಯುವುದಿಲ್ಲ, ಬಿಡಿ ಬಿಡಿ ಕಣಗಳು (ಹೆಚ್ಚಾಗಿ ಆಮ್ಲಜನಕದ ಒಂಟಿ ಪರಮಾಣುಗಳು) ಬಂದು ಹೊಡೆಯುತ್ತವೆ. ಆದ್ದರಿಂದಲೇ 2ರ ಆಸುಪಾಸಿನ, ಅದಕ್ಕೆ ತುಸು ಮೇಲಿನ ಬೆಲೆ.

ಸಾಂದ್ರತೆ ಘನಮೀಟರಿಗೆ 3 × 10⁻¹² ಕಿ.ಗ್ರಾಂ. ಇದು ಮಧ್ಯಮ ಬೆಲೆ. ಸೂರ್ಯನ ಚಟುವಟಿಕೆಯ ಹನ್ನೊಂದು ವರ್ಷಗಳ ಆವರ್ತದಲ್ಲಿ ಇದೇ ಎತ್ತರದ ಸಾಂದ್ರತೆ ಹತ್ತು ಪಟ್ಟಿನಷ್ಟು ಏರಿಳಿಯಬಲ್ಲದು; ಈ ಇಡೀ ಲೆಕ್ಕದಲ್ಲಿ ಅತಿ ಸಡಿಲವಾದ ಸಂಖ್ಯೆ ಇದೇ. ಉಳಿದವನ್ನು ಎಂಟು ದಶಮಾಂಶ ಸ್ಥಾನಗಳವರೆಗೆ ಬರೆದು ಇದನ್ನು ಅಂದಾಜಿನಲ್ಲಿ ಹಾಕಿದರೆ ಉತ್ತರದ ಕೊನೆಯ ಆರು ಅಂಕಿಗಳು ಬರೀ ಅಲಂಕಾರ.

ಬೆಲೆಗಳನ್ನು ಹಾಕಿದರೆ ತಡೆ 0.776 ಮಿಲಿನ್ಯೂಟನ್. ಗುರುತ್ವ ಇದರ 56 ಲಕ್ಷ ಪಟ್ಟು. ಆದರೆ ತಡೆಗೆ ಗುರುತ್ವಕ್ಕಿಲ್ಲದ ಒಂದು ಅನುಕೂಲವಿದೆ: ಅದು ಚಲನೆಗೆ ನೇರ ವಿರುದ್ಧ ದಿಕ್ಕಿನಲ್ಲಿರುವುದರಿಂದ ಪೂರ್ತಿ ಬಲವೂ ಕೆಲಸ ಮಾಡುತ್ತದೆ. ಬಲವನ್ನು ವೇಗದಿಂದ ಗುಣಿಸಿದರೆ 5.95 ವಾಟ್, ಒಂದು ಚಿಕ್ಕ ಎಲ್‌ಇಡಿ ಬಲ್ಬ್ ಉರಿಯುವಷ್ಟು. ಒಂದು ದಿನಕ್ಕೆ 0.514 ಮೆಗಾಜೂಲ್. 14.70 ಗಿಗಾಜೂಲಿನ ಖಾತೆಯಿಂದ ದಿನವೂ ಸೋರುವುದು ಇಷ್ಟೇ.

ಈ ಸೋರಿಕೆಗೆ ಎತ್ತರ ಎಷ್ಟು ಇಳಿಯುತ್ತದೆ? ಒಟ್ಟು ಶಕ್ತಿಯ ಸೂತ್ರವನ್ನು ತ್ರಿಜ್ಯದ ಸಣ್ಣ ಬದಲಾವಣೆಗೆ ಬಿಡಿಸಿದರೆ:

ಇಳಿಯುವ ದರ = 2 × ತಡೆಯ ಸಾಮರ್ಥ್ಯ ÷ ಗುರುತ್ವ ಬಲ

ಅಂದರೆ ಸೆಕೆಂಡಿಗೆ 2.74 ಮಿ.ಮೀ., ಸುತ್ತಿಗೆ 15 ಮೀಟರ್, ದಿನಕ್ಕೆ 237 ಮೀಟರ್. ಇಷ್ಟು ಇಳಿದಾಗ ವೃತ್ತಕಕ್ಷೆಯ ವೇಗ ಎಷ್ಟು ಏರಬೇಕೆಂದು ನೋಡಿದರೆ ದಿನಕ್ಕೆ ಸೆಕೆಂಡಿಗೆ 0.134 ಮೀಟರ್. ಈಗ ತಡೆಯನ್ನು ದ್ರವ್ಯರಾಶಿಯಿಂದ ಭಾಗಿಸಿ, ಅದೊಂದೇ ಇದ್ದಿದ್ದರೆ ದಿನಕ್ಕೆ ಎಷ್ಟು ವೇಗ ಕಳೆಯುತ್ತಿತ್ತು ಎಂದು ನೋಡಿ: ಅದೂ 0.134. ಸಂಖ್ಯೆ ಒಂದೇ, ಚಿಹ್ನೆ ಮಾತ್ರ ಅದಲುಬದಲು. ಹಿಂದಕ್ಕೆ ತಳ್ಳುವ ಬಲ ಎಷ್ಟು ನಿಧಾನಗೊಳಿಸಬೇಕಿತ್ತೋ ಸರಿಯಾಗಿ ಅಷ್ಟೇ ದರದಲ್ಲಿ ಉಪಗ್ರಹ ಚುರುಕಾಗುತ್ತದೆ.

ಮುಂದಕ್ಕೆ ತಳ್ಳುವವರು ಯಾರು?

ಗಾಳಿ ತಳ್ಳುವುದಿಲ್ಲ. ಎಂಜಿನ್ ಆರಿದೆ. ಉಳಿದದ್ದು ಗುರುತ್ವ, ಅದು ಕೆಲಸ ಮಾಡುವುದಿಲ್ಲ ಎಂದು ಈಗಷ್ಟೇ ತೋರಿಸಿಯಾಗಿದೆ. ಆದರೆ ಆ ಮಾತು ನಿಜವಾದ ವೃತ್ತಕ್ಕೆ ಮಾತ್ರ ಅನ್ವಯಿಸುತ್ತದೆ. ದಿನಕ್ಕೆ 237 ಮೀಟರ್ ಇಳಿಯುವ ಪಥ ವೃತ್ತವಲ್ಲ, ಒಳಸುರುಳಿ. ಉಪಗ್ರಹ ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ 0.36 ಮಿ.ಮೀ. ಕೆಳಗಿಳಿದಿರುತ್ತದೆ. ಕೋನದಲ್ಲಿ 0.074 ಆರ್ಕ್‌ಸೆಕೆಂಡ್. ಕಾಗದದ ಮೇಲೆ ಬರೆದು ತೋರಿಸಲಾಗದಷ್ಟು ಚಿಕ್ಕ ವಾಲು, ಆದರೆ ಆ ವಾಲಿನ ಮೇಲೆ ಎಳೆಯುತ್ತಿರುವುದು 4338 ನ್ಯೂಟನ್. ಪಥದ ಗುಂಟ ಅದರ ಘಟಕ 1.55 ಮಿಲಿನ್ಯೂಟನ್, ಮುಂದಕ್ಕೆ.

ತಡೆ 0.776 ಹಿಂದಕ್ಕೆ, ಗುರುತ್ವದ ಘಟಕ 1.553 ಮುಂದಕ್ಕೆ, ಉಳಿಕೆ 0.776 ಮುಂದಕ್ಕೆ. ನ್ಯೂಟನ್ನನ ಎರಡನೆಯ ನಿಯಮ ಎಲ್ಲೂ ಮುರಿದಿಲ್ಲ. ಶಕ್ತಿಯ ಕಡೆಯಿಂದಲೂ ತಾಳೆ ನೋಡಬಹುದು. 237 ಮೀಟರ್ ಇಳಿಕೆಯಲ್ಲಿ ಗುರುತ್ವ ಮಾಡಿದ ಕೆಲಸ +1.029 ಮೆಗಾಜೂಲ್, ತಡೆ ಮಾಡಿದ್ದು −0.514, ನಿವ್ವಳ +0.514, ಅಷ್ಟೇ ಚಲನಶಕ್ತಿಯ ಏರಿಕೆ. ಪ್ರಚ್ಛನ್ನಶಕ್ತಿ ಬಿಟ್ಟುಕೊಟ್ಟದ್ದರಲ್ಲಿ ಅರ್ಧ ಓಟಕ್ಕೆ, ಅರ್ಧ ಕಣಗಳ ಚದುರುವಿಕೆಗೆ ಮತ್ತು ಶಾಖಕ್ಕೆ.

ಗುರುತ್ವದ ಪಾಲು ಸರಿಯಾಗಿ ಎರಡು ಪಟ್ಟೇ ಏಕೆ, ಒಂದೂವರೆ ಏಕಲ್ಲ ಎಂದು ಕೇಳುವವರಿಗೆ ಸಮೀಕರಣಕ್ಕಿಂತ ಹೆಜ್ಜೆ ಹೆಜ್ಜೆಯ ಚಿತ್ರ ಹೆಚ್ಚು ಹಿಡಿಸುತ್ತದೆ. ತಡೆ ನಿರಂತರವಾಗಿಲ್ಲ, ಎರಡು ಏಟುಗಳಾಗಿ ಬರುತ್ತದೆ ಎಂದುಕೊಳ್ಳಿ. ಮೊದಲ ಏಟಿಗೆ ವೇಗ ಸೆಕೆಂಡಿಗೆ 1 ಸೆಂ.ಮೀ. ಕಡಿಮೆಯಾಯಿತು. ಆ ಕ್ಷಣಕ್ಕೆ ಉಪಗ್ರಹ ನಿಜವಾಗಿಯೂ ನಿಧಾನವಾಗಿದೆ. ಆದರೆ ಈ ವೇಗಕ್ಕೆ ವೃತ್ತದಲ್ಲಿ ತಿರುಗಲು ಬೇಕಾದ ಬಲಕ್ಕಿಂತ ಗುರುತ್ವ ಈಗ ಒಂದಿಷ್ಟು ಹೆಚ್ಚಿದೆ. ಪಥ ಒಳಗೆ ಬಾಗುತ್ತದೆ. ಅರ್ಧ ಸುತ್ತಿನ ಹೊತ್ತಿಗೆ ಉಪಗ್ರಹ 35 ಮೀಟರ್ ಕೆಳಗಿದೆ, ಇಳಿಯುವ ದಾರಿಯಲ್ಲಿ ಗುರುತ್ವ ಅದಕ್ಕೆ 4 ಸೆಂ.ಮೀ./ಸೆ. ಕೂಡಿಸಿದೆ. ಮೂಲ ವೇಗಕ್ಕೆ ಹೋಲಿಸಿದರೆ ಈಗ 3 ಸೆಂ.ಮೀ./ಸೆ. ಹೆಚ್ಚು. ಈ ತಗ್ಗಿನ ಬಿಂದುವಿನಲ್ಲಿ ವೃತ್ತಕ್ಕೆ ಬೇಕಾದ ವೇಗ ಮೂಲಕ್ಕಿಂತ 2 ಸೆಂ.ಮೀ./ಸೆ. ಮಾತ್ರ ಹೆಚ್ಚು. ಇಲ್ಲಿ ಎರಡನೆಯ ಏಟು ಬಿದ್ದು ಇನ್ನೊಂದು ಸೆಂ.ಮೀ. ಕಳೆಯಿತು, ಉಳಿದದ್ದು +2, ಸರಿಯಾಗಿ ಹೊಸ ವೃತ್ತದ ವೇಗ. ಎರಡು ಏಟುಗಳು ಸೇರಿ ಕಳೆದದ್ದು 2, ಗುರುತ್ವ ಕೊಟ್ಟದ್ದು 4, ನಿವ್ವಳ ಗಳಿಕೆ 2. ಗಾಳಿಯ ನಿರಂತರ ತಡೆ ಎಂದರೆ ಇಂಥ ಏಟುಗಳ ದಟ್ಟ ಸಾಲು.

850 ಕಿ.ಮೀ. ಎಲ್ಲಿಂದ ಬಂತು

ವೇಗ ಏರಿದ್ದು ಏಳು ದಿನಕ್ಕೆ ಸೆಕೆಂಡಿಗೆ 0.94 ಮೀಟರ್. ಬರೀ ಇದರಿಂದ 850 ಕಿ.ಮೀ. ಮುನ್ನಡೆ ಸಿಗುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು: ಸುತ್ತಬೇಕಾದ ವೃತ್ತವೇ ಕಿರಿದಾಗಿದೆ. ಕೋನೀಯ ವೇಗದ ಏರಿಕೆಯಲ್ಲಿ ಮೂರನೇ ಒಂದು ಪಾಲು ಚುರುಕಾದ ಓಟದ್ದು, ಮೂರನೇ ಎರಡು ಪಾಲು ಕುಗ್ಗಿದ ತ್ರಿಜ್ಯದ್ದು. ಆದ್ದರಿಂದ ಅವಧಿ ದಿನಕ್ಕೆ 0.29 ಸೆಕೆಂಡು ಇಳಿಯುತ್ತದೆ. ಮೊದಲ ದಿನದ ಕೊನೆಗೆ ಉಪಗ್ರಹ 17.4 ಕಿ.ಮೀ. ಮುಂದಿದೆ. ಮುನ್ನಡೆ ದಿನಗಳ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಏಳು ದಿನಕ್ಕೆ ಅದರ 49 ಪಟ್ಟು, 852 ಕಿ.ಮೀ. ತಡೆ ಸಾದಾ ರೀತಿಯಲ್ಲಿ ಹಿಂದಕ್ಕೆಳೆದಿದ್ದರೆ ಮೊದಲ ದಿನ 5.8 ಕಿ.ಮೀ. ಹಿಂದೆ ಬೀಳಬೇಕಿತ್ತು, ಆದದ್ದು ಅದರ ಮೂರು ಪಟ್ಟು, ಎದುರು ದಿಕ್ಕಿನಲ್ಲಿ.

ಈ ವರ್ಗದ ಬೆಳವಣಿಗೆಯೇ ಕೆಳಕಕ್ಷೆಯ ಪಟ್ಟಿಗಳು ಬೇಗ ಹಳಸುವುದಕ್ಕೆ ಕಾರಣ. ಸಾಂದ್ರತೆಯ ಅಂದಾಜಿನಲ್ಲಿ ಶೇ. 20ರಷ್ಟು ತಪ್ಪಿದ್ದರೆ ಮೊದಲ ದಿನ ಮೂರೂವರೆ ಕಿ.ಮೀ. ವ್ಯತ್ಯಾಸ, ಏಳನೆಯ ದಿನ 170 ಕಿ.ಮೀ. ಅವಧಿಯನ್ನು ಅಳೆದು ಅದರ ಇಳಿಕೆಯಿಂದ ಗಾಳಿಯ ಸಾಂದ್ರತೆಯನ್ನು ಕಂಡುಹಿಡಿಯುವ ದಾರಿಯೂ ಇದೇ ಲೆಕ್ಕದ ಮಗ್ಗುಲು. 1957ರ ಅಕ್ಟೋಬರ್ 4ರಂದು ಹಾರಿದ ಸ್ಪುಟ್ನಿಕ್–1ರ ಅವಧಿ ಆರಂಭದಲ್ಲಿ ಸುಮಾರು 96 ನಿಮಿಷವಿತ್ತು. 1958ರ ಜನವರಿಯಲ್ಲಿ ಅದು ವಾತಾವರಣದಲ್ಲಿ ಉರಿದುಹೋಗುವವರೆಗೂ ಅವಧಿ ಕಿರಿದಾಗುತ್ತಲೇ ಹೋಯಿತು. 2022ರ ಫೆಬ್ರವರಿಯಲ್ಲಿ ಸುಮಾರು 210 ಕಿ.ಮೀ. ಎತ್ತರಕ್ಕೆ ಬಿಟ್ಟಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಕಾಂತೀಯ ಬಿರುಗಾಳಿಯೊಂದು (ಸೂರ್ಯನಿಂದ ಬಂದ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಕಲಕುವುದು) ವಾತಾವರಣವನ್ನು ಕಾಯಿಸಿ ಉಬ್ಬಿಸಿದ್ದರಿಂದ ಮೇಲೇರಲಾಗದೆ ಬಿದ್ದವು.

ಮತ್ತೆ ಮೇಲಕ್ಕೆ

ಮೂವತ್ತು ದಿನ ಬಿಟ್ಟು ಕಕ್ಷೆಯನ್ನು 400 ಕಿ.ಮೀ.ಗೆ ಮರಳಿಸಬೇಕು. ದಿನಕ್ಕೆ 237ರಂತೆ ಇಳಿದದ್ದು 7.1 ಕಿ.ಮೀ. (ಇಳಿದಂತೆ ಗಾಳಿ ದಟ್ಟವಾಗುವುದನ್ನೂ ಸೇರಿಸಿದರೆ, ಸಾಂದ್ರತೆ 60 ಕಿ.ಮೀ.ಗೆ ಸುಮಾರು 2.7 ಪಟ್ಟು ಬದಲಾಗುತ್ತದೆ ಎಂಬ ಲೆಕ್ಕದಲ್ಲಿ, 7.6 ಕಿ.ಮೀ. ಆಗುತ್ತದೆ. ಇಲ್ಲಿ ಸಂಖ್ಯೆಗಳು ತಾಳೆಯಾಗಲೆಂದು 7.1 ಅನ್ನೇ ಇಟ್ಟುಕೊಂಡಿದೆ.) ಕಳೆದುಕೊಂಡ ಶಕ್ತಿ 15.4 ಮೆಗಾಜೂಲ್, ಅದನ್ನೇ ಮರಳಿ ಕೊಡಬೇಕು.

ಜರ್ಮನ್ ಎಂಜಿನಿಯರ್ ವಾಲ್ಟರ್ ಹೋಮನ್ 1925ರಲ್ಲಿ ತೋರಿಸಿದ, ಎಂಜಿನನ್ನು ಎರಡು ಸಲ ಸ್ವಲ್ಪ ಹೊತ್ತು ಉರಿಸುವ, ಎರಡು ಉರಿತಗಳ ದಾರಿ ಇಲ್ಲಿ ಸಾಕು. ಮೊದಲ ಉರಿತ ಓಟದ ದಿಕ್ಕಿಗೆ, 2.01 ಮೀ./ಸೆ. ಥ್ರಸ್ಟರುಗಳ (ಉಪಗ್ರಹವನ್ನು ತಳ್ಳುವ ಚಿಕ್ಕ ಎಂಜಿನ್‌ಗಳ) ಒಟ್ಟು ಬಲ 20 ನ್ಯೂಟನ್ ಆದರೆ 50 ಸೆಕೆಂಡು ಉರಿಸಬೇಕು. ಆ ಹೊತ್ತಿಗೆ ಉಪಗ್ರಹ ಕಕ್ಷೆಯಲ್ಲಿ 3 ಡಿಗ್ರಿಗಿಂತ ತುಸು ಹೆಚ್ಚು ಸರಿದಿರುತ್ತದೆ, ಆದ್ದರಿಂದ ಉರಿತವನ್ನು ಕ್ಷಣಿಕ ಎಂದು ಹಿಡಿದರೆ ಬರುವ ತಪ್ಪು ಗಣನೆಗೆ ಸಿಗುವಂಥದ್ದಲ್ಲ. ನಂತರ 46 ನಿಮಿಷ ಎಂಜಿನ್ ಆರಿಸಿ ಏರಲು ಬಿಡಬೇಕು. ಏರುವಾಗ ಗುರುತ್ವದ ಕೆಲಸ ಋಣ, −30.9 ಮೆಗಾಜೂಲ್, ವೇಗದಲ್ಲಿ 8.05 ಮೀ./ಸೆ. ಹೋಗುತ್ತದೆ. ಮೇಲೆ ತಲುಪಿದಾಗ ಅಲ್ಲಿನ ವೃತ್ತದ ವೇಗಕ್ಕೆ 2.01 ಕಡಿಮೆ ಬಿದ್ದಿರುತ್ತದೆ. ಎರಡನೆಯ ಉರಿತ ಅದನ್ನು ತುಂಬುತ್ತದೆ. ಕೂಡಿ ಕಳೆದರೆ 2 + 2 − 8 = −4. ಎರಡು ಸಲ ವೇಗವರ್ಧನೆ ಮಾಡಿಯೂ ಉಪಗ್ರಹ ಕೊನೆಗೆ ಸೆಕೆಂಡಿಗೆ 4 ಮೀಟರ್ ನಿಧಾನವಾಗಿದೆ. ಗಾಳಿ ಒಂದು ತಿಂಗಳು ಮಾಡಿದ್ದರ ಕನ್ನಡಿಬಿಂಬ.

ಶಕ್ತಿಯ ಖಾತೆಯಲ್ಲಿ ಒಂದು ಗಂಟು ಉಳಿಯುತ್ತದೆ. ನಿಂತಿದ್ದ 500 ಕಿ.ಗ್ರಾಂ. ವಸ್ತುವಿಗೆ 2.01 ಮೀ./ಸೆ. ವೇಗ ಕೊಡಲು ಸಾವಿರ ಜೂಲ್ ಸಾಕು. ಇಲ್ಲಿ ಮೊದಲ ಉರಿತವೊಂದೇ 7.7 ಮೆಗಾಜೂಲ್ ಕೊಟ್ಟಿದೆ. ಹೈಡ್ರಜೀನ್ ಇಂಧನ ಸೆಕೆಂಡಿಗೆ 2157 ಮೀಟರಿನಂತೆ ಹೊರಹೊಮ್ಮುತ್ತದೆ ಎಂದಾದರೆ ಈ ಉರಿತಕ್ಕೆ ಬೇಕಾದದ್ದು 0.466 ಕಿ.ಗ್ರಾಂ. ಅದರ ರಾಸಾಯನಿಕ ಶಕ್ತಿಯಿಂದ ಜೆಟ್‌ಗೆ ಬಂದದ್ದು 1.08 ಮೆಗಾಜೂಲ್ ಮಾತ್ರ. ಉಳಿದ 6.6 ಮೆಗಾಜೂಲ್ ಎಲ್ಲಿಂದ? ಇಂಧನವೂ ಟ್ಯಾಂಕಿನಲ್ಲಿ ಕೂತು ಉಪಗ್ರಹದ ಜೊತೆಗೇ ಸೆಕೆಂಡಿಗೆ 7.67 ಕಿ.ಮೀ. ಓಡುತ್ತಿತ್ತು. ಹಿಂದಕ್ಕೆ ಚಿಮ್ಮಿದ ಮೇಲೆ ಅದರ ವೇಗ 5.51 ಕಿ.ಮೀ.ಗೆ ಇಳಿದಿದೆ, ಅದರ ಚಲನಶಕ್ತಿ 13.7ರಿಂದ 7.1 ಮೆಗಾಜೂಲಿಗೆ ಬಿದ್ದಿದೆ. ಆ 6.6 ಉಪಗ್ರಹದ ಖಾತೆಗೆ ಜಮೆ. ಬಲ ಮಾಡುವ ಕೆಲಸವನ್ನು ‘ಬಲ × ದೂರ’ ಎಂದು ನೋಡಿದರೂ ಇದೇ ಉತ್ತರ: 20 ನ್ಯೂಟನ್ ಬಲ 50 ಸೆಕೆಂಡಿನಲ್ಲಿ 386 ಕಿ.ಮೀ. ಉದ್ದಕ್ಕೆ ತಳ್ಳಿದೆ.

ಎರಡು ಉರಿತಗಳಿಗೂ ಸೇರಿ ತಿಂಗಳಿಗೆ 0.93 ಕಿ.ಗ್ರಾಂ. ಇಂಧನ.

ಮೇಲೇರಲು ಮೇಲಕ್ಕೆ ತಳ್ಳಿದರೆ

ಇದು ಪದೇ ಪದೇ ಕಾಣುವ ತಪ್ಪು. ಎತ್ತರ ಬೇಕು, ಹಾಗಾಗಿ ಥ್ರಸ್ಟರನ್ನು ಭೂಮಿಯ ಕಡೆ ತಿರುಗಿಸಿ ಉಪಗ್ರಹವನ್ನು ನೇರ ಮೇಲಕ್ಕೆ ತಳ್ಳೋಣ ಎಂದು ಅದೇ 4.02 ಮೀ./ಸೆ. ಖರ್ಚು ಮಾಡಿದರೆ? ಬಲ ಚಲನೆಗೆ ಲಂಬವಾಗಿದೆ. ಕೆಲಸ ಬಹುಪಾಲು ಸೊನ್ನೆ. ಸೇರುವ ಶಕ್ತಿ ಸುಮಾರು 4000 ಜೂಲ್, ಬೇಕಾದದ್ದು 154 ಲಕ್ಷ ಜೂಲ್. ಕಕ್ಷೆ ಮೇಲೇರುವುದಿಲ್ಲ, ವಕ್ರವಾಗುತ್ತದೆ: ಉಪಗ್ರಹ ಕಾಲು ಸುತ್ತಿನಲ್ಲಿ 3.55 ಕಿ.ಮೀ. ಏರಿ, ಮುಕ್ಕಾಲು ಸುತ್ತಿಗೆ ಅಷ್ಟೇ ತಗ್ಗಿ, ಹಳೆಯ ಅವಧಿಯಲ್ಲೇ ಸುತ್ತುತ್ತಿರುತ್ತದೆ. ಇಂಧನ ಹೋಯಿತು, ಸರಾಸರಿ ಎತ್ತರ ಹಾಗೇ ಇದೆ.

ಇನ್ನೊಂದು ತಪ್ಪು ಇಷ್ಟು ಒರಟಲ್ಲ. ದಿಕ್ಕು ಸರಿ, ಆದರೆ ಪೂರ್ತಿ 4.02 ಅನ್ನು ಒಂದೇ ಉರಿತದಲ್ಲಿ ಕೊಟ್ಟುಬಿಡುವುದು. ಶಕ್ತಿಯ ಲೆಕ್ಕ ಚೊಕ್ಕವಾಗಿ ಸರಿಹೋಗುತ್ತದೆ, ಅವಧಿಯೂ 400 ಕಿ.ಮೀ. ವೃತ್ತದ್ದೇ. ಕಕ್ಷೆ ಮಾತ್ರ ಒಂದು ತುದಿಯಲ್ಲಿ 392.9, ಇನ್ನೊಂದು ತುದಿಯಲ್ಲಿ 407.1 ಕಿ.ಮೀ. ಇರುವ ದೀರ್ಘವೃತ್ತ. ಒಟ್ಟು ಶಕ್ತಿ ಕಕ್ಷೆಯ ಗಾತ್ರವನ್ನು ಹೇಳುತ್ತದೆ, ಆಕಾರವನ್ನು ಹೇಳುವುದಿಲ್ಲ. ಆಕಾರಕ್ಕೆ ಕೋನೀಯ ಸಂವೇಗವೂ (ದ್ರವ್ಯರಾಶಿ × ಕೇಂದ್ರದಿಂದ ದೂರ × ಅಡ್ಡವೇಗ) ಬೇಕು. ಶಕ್ತಿಯ ಖಾತೆ ತಾಳೆಯಾಯಿತು ಎಂದು ಲೆಕ್ಕ ಮುಗಿಸುವವರು ಎಡವುವುದು ಇಲ್ಲಿ.

ಸಂಖ್ಯೆಗಳ ಮಟ್ಟದ ತಪ್ಪುಗಳಲ್ಲಿ ಮೂರನ್ನು ಹೇಳಬಹುದು. ತ್ರಿಜ್ಯದ ಜಾಗದಲ್ಲಿ ಎತ್ತರ ಹಾಕಿದರೆ ವೇಗ ಸೆಕೆಂಡಿಗೆ 31.6 ಕಿ.ಮೀ. ಬರುತ್ತದೆ, ಭೂಮಿಯನ್ನೇ ಬಿಟ್ಟುಹೋಗಲು 11.2 ಸಾಕು ಎಂಬುದು ನೆನಪಿದ್ದರೆ ಕೂಡಲೇ ಸಿಕ್ಕಿಬೀಳುವ ತಪ್ಪು. ಗುರುತ್ವ ವೇಗೋತ್ಕರ್ಷವನ್ನು ನೆಲದ 9.8 ಎಂದೇ ಇಟ್ಟರೆ ವೇಗ 8150 ಮೀ./ಸೆ.; ಶೇ. 6ರ ಈ ತಪ್ಪು ನೋಡಿದರೆ ಕಾಣುವುದಿಲ್ಲ, ಆದ್ದರಿಂದ ಹೆಚ್ಚು ಅಪಾಯಕಾರಿ. ಮೂರನೆಯದು, ಪ್ರಚ್ಛನ್ನಶಕ್ತಿಗೆ ಒಂದು ಕಡೆ ನೆಲವನ್ನೂ ಇನ್ನೊಂದು ಕಡೆ ಅನಂತವನ್ನೂ ಸೊನ್ನೆ ಎಂದು ಹಿಡಿದು ಕೂಡಿಸುವುದು. ‘ಒಟ್ಟು ಶಕ್ತಿ ಚಲನಶಕ್ತಿಯ ಋಣರೂಪ’ ಎಂಬುದು ಅನಂತದಲ್ಲಿ ಸೊನ್ನೆ ಇಟ್ಟಾಗ ಮಾತ್ರ ನಿಜ.

ಜೊತೆಗೆ, ಗುರುತ್ವ ಒಳಕ್ಕೆ, ಕೇಂದ್ರಾಪಗಾಮಿ ಬಲ ಹೊರಕ್ಕೆ, ಎರಡೂ ಸರಿದೂಗಿ ಉಪಗ್ರಹ ನಿಂತಿದೆ ಎಂಬ ವಿವರಣೆಯಿಂದ ಹೊರಟರೆ ಈ ಪ್ರಕರಣವನ್ನು ಬಿಡಿಸುವುದು ಕಷ್ಟ. ಬಲಗಳು ಸರಿದೂಗಿದ ವಸ್ತು ಸರಳರೇಖೆಯಲ್ಲಿ ಹೋಗಬೇಕು. ತಿರುಗುವ ಚೌಕಟ್ಟಿನಲ್ಲಿ ಕೂತು ಲೆಕ್ಕ ಹಾಕುವವರಿಗೆ ಆ ಬಲ ಉಪಯುಕ್ತ, ಆದರೆ ಆ ಚೌಕಟ್ಟಿನಲ್ಲಿ ಚಲನಶಕ್ತಿಯ ಅಂಕಿಗಳೇ ಬೇರೆ. ಮೇಲಿನವುಗಳ ಜೊತೆ ಬೆರೆಸುವಂತಿಲ್ಲ.

ಎಲ್ಲಿಯವರೆಗೆ ಈ ಲೆಕ್ಕ

‘ತಡೆದರೆ ಚುರುಕಾಗುತ್ತದೆ’ ಎಂಬುದಕ್ಕೆ ಒಂದು ಷರತ್ತಿದೆ: ಪ್ರತಿ ಸುತ್ತೂ ಹೆಚ್ಚುಕಡಿಮೆ ವೃತ್ತವಾಗಿಯೇ ಇರಬೇಕು. ಅಂದರೆ ಒಂದು ಸುತ್ತಿನ ಇಳಿಕೆ ಗಾಳಿಯ ಸಾಂದ್ರತೆ ಬದಲಾಗುವ ಎತ್ತರದ ಅಂತರಕ್ಕಿಂತ ಬಹಳ ಚಿಕ್ಕದಾಗಿರಬೇಕು. 400 ಕಿ.ಮೀ.ನಲ್ಲಿ ಸುತ್ತಿಗೆ 15 ಮೀಟರ್, ಚಿಂತೆಯಿಲ್ಲ. 200 ಕಿ.ಮೀ.ನಲ್ಲಿ ಇದೇ ಉಪಗ್ರಹದ ಮೇಲಿನ ತಡೆ 0.07 ನ್ಯೂಟನ್ನಿನ ಹತ್ತಿರ, ಇಳಿಕೆ ಸುತ್ತಿಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಇನ್ನೂ ನಡೆಯುತ್ತದೆ. 120 ಕಿ.ಮೀ.ನಲ್ಲಿ ತಡೆ ಸುಮಾರು 6 ನ್ಯೂಟನ್, ಸೂತ್ರ ಹೇಳುವ ಇಳಿಕೆ ಸುತ್ತಿಗೆ ನೂರು ಕಿಲೋಮೀಟರ್, ಅಂದರೆ ಇನ್ನೊಂದು ಸುತ್ತು ಮುಗಿಯುವುದಿಲ್ಲ. 80 ಕಿ.ಮೀ. ಬಳಿ, ಅಷ್ಟೇ ವೇಗ ಉಳಿದಿದ್ದರೆ, ತಡೆ ಉಪಗ್ರಹದ ತೂಕಕ್ಕೇ ಸಮವಾಗುತ್ತದೆ. ಅಲ್ಲಿಗೆ ಗುರುತ್ವದ ಮುಂದಕ್ಕೆಳೆಯುವ ಘಟಕ ತಡೆಯ ಎರಡು ಪಟ್ಟಿರುವ ಮಾತೇ ಇಲ್ಲ. ವೇಗ ಕುಸಿಯತೊಡಗುತ್ತದೆ, ಸಾವಿರಾರು ಮೆಗಾಜೂಲ್ ಕೆಲವೇ ನಿಮಿಷಗಳಲ್ಲಿ ಶಾಖವಾಗುತ್ತದೆ. 120 ಕಿ.ಮೀ.ನಿಂದ ಕೆಳಗೆ ವೃತ್ತಕಕ್ಷೆಯ ಸೂತ್ರಗಳನ್ನು ಬದಿಗಿಟ್ಟು, ಬಲಗಳನ್ನು ಸೆಕೆಂಡು ಸೆಕೆಂಡಿಗೆ ಕೂಡಿಸುತ್ತಾ ಪಥವನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟಬೇಕು.